ಮಗ್ಗದ ಮನೆಯಿಂದ ಬಂದ ಕಾರು

ಮಗ್ಗ ಎಂದರೇನು ಎಂಬುದನ್ನು ಮೊಳಕಾಲ್ಮೂರು ತಾಲೂಕಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿನ ರೇಷ್ಮೆ ಸೀರೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿದೆ. ಸೀರೆ ನೇಯುವಾಗ ಹಾಸಿನ ಒಂದು ಎಳೆ ಹರಿದರೆ ನೇಕಾರ ಲಾಳಿಯನ್ನು ತಡೆಯುತ್ತಾನೆ. ಹರಿದ ತುದಿಗಳನ್ನು ಹುಡುಕಿ ಗಂಟು ಹಾಕುತ್ತಾನೆ. ಆಮೇಲಷ್ಟೇ ಕೆಲಸ ಮುಂದೆ ಹೋಗುತ್ತದೆ. ಹೊತ್ತಾಯಿತೆಂದು ಹಾಗೆಯೇ ನೇಯ್ದರೆ ಆ ದೋಷ ಸೀರೆಯುದ್ದಕ್ಕೂ ಗೆರೆಯಾಗಿ ಉಳಿಯುತ್ತದೆ. ಕೊಳ್ಳುವವರು ಸೀರೆಯನ್ನು ಬೆಳಕಿಗೆ ಹಿಡಿದ ಕೂಡಲೇ ಅದು ಕಣ್ಣಿಗೆ ಬೀಳುತ್ತದೆ.

ಕಾರಿನ ಲೇಖನದಲ್ಲಿ ಮಗ್ಗದ ಮಾತೇಕೆ ಎಂದು ಓದುಗರು ಕೇಳಬಹುದು. ಟೊಯೋಟಾ ಎಂಬ ಹೆಸರು ಹುಟ್ಟಿದ್ದು ಕಾರಿನಿಂದಲ್ಲ, ಮಗ್ಗದಿಂದ. ಆ ಸಂಸ್ಥೆ ಗಳಿಸಿದ ಕೀರ್ತಿಗೂ, ನಡುನಡುವೆ ಅದು ಅನುಭವಿಸಿದ ಅವಮಾನಕ್ಕೂ ಮೇಲೆ ಹೇಳಿದ ಆ ಹರಿದ ಎಳೆಯೇ ಮೂಲ.

ದೇವಸಮುದ್ರ ಹೋಬಳಿಯ ಹಳ್ಳಿಗಳಲ್ಲಿ ಸ್ವಂತ ಕಾರು ಇರುವ ಮನೆಗಳು ಬಹಳವಿಲ್ಲ. ಶೇಂಗಾ ಬೆಳೆದು ಮಳೆಯ ಮುಖ ನೋಡಿ ಬದುಕುವ ಊರುಗಳಿವು. ಆದರೂ 2000ದ ನಂತರದ ವರ್ಷಗಳಲ್ಲಿ ರಾಂಪುರದ ಮೇಲೆ ಹಾಯುವ ಬಳ್ಳಾರಿ-ಬೆಂಗಳೂರು ರಸ್ತೆಯಲ್ಲಿ ಮದುವೆ ದಿಬ್ಬಣ ಹೋಗಲಿ, ರೋಗಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಲಿ, ಹಜ್ ಯಾತ್ರಿಕರನ್ನು ಬೀಳ್ಕೊಡಲು ಇಡೀ ಕುಟುಂಬ ಹೊರಡಲಿ, ಬಾಡಿಗೆಗೆ ಬರುತ್ತಿದ್ದ ಗಾಡಿ ಹೆಚ್ಚಾಗಿ ಒಂದೇ: ಕ್ವಾಲಿಸ್. ಕಂಪೆನಿಯ ಹೆಸರು ಗೊತ್ತಿಲ್ಲದ ಅಜ್ಜಿಯರಿಗೂ ಗಾಡಿಯ ಹೆಸರು ಗೊತ್ತಿತ್ತು.

ಬಡಗಿಯ ಮಗ

ಸಾಕಿಚಿ ಟೊಯೋಡಾ 1867ರಲ್ಲಿ ಜಪಾನಿನ ಒಂದು ಹಳ್ಳಿಯಲ್ಲಿ ಹುಟ್ಟಿದರು. ತಂದೆ ಬಡಗಿ. ಹತ್ತಿ ಬಟ್ಟೆಯ ನೇಯ್ಗೆಗೆ ಹೆಸರಾದ ಸೀಮೆ ಅದು, ಮನೆ ಮನೆಯಲ್ಲೂ ಹೆಂಗಸರು ಕೈಮಗ್ಗದ ಮುಂದೆ ಕೂರುತ್ತಿದ್ದರು. ತಾಯಿಯೂ ನೇಯುತ್ತಿದ್ದರು. ಹೊಸದನ್ನು ಕಂಡುಹಿಡಿದವರಿಗೆ ಅದರ ಹಕ್ಕು ಕೊಡುವ ಪೇಟೆಂಟ್ ಕಾನೂನು 1885ರಲ್ಲಿ ಜಪಾನಿನಲ್ಲಿ ಜಾರಿಗೆ ಬಂತು. ಬಡಗಿಯ ಮಗನ ತಲೆಗೆ ಹುಳ ಹೊಕ್ಕಂತಾಯಿತು. ತಂದೆಯ ಕಸುಬು ಬಿಟ್ಟು ಮಗ್ಗ ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು. ಊರಿನವರು ಅವರನ್ನು ಹುಚ್ಚನೆಂದೇ ತಿಳಿದರು. 1891ರಲ್ಲಿ ಅವರ ಮೊದಲ ಮರದ ಮಗ್ಗಕ್ಕೆ ಪೇಟೆಂಟ್ ಸಿಕ್ಕಿತು. ಮೊದಲು ಎರಡೂ ಕೈ ಬೇಕಾಗಿದ್ದ ಕೆಲಸ ಅದರಲ್ಲಿ ಒಂದೇ ಕೈಯಲ್ಲಿ ಸಾಗುತ್ತಿತ್ತು.

1896ರ ಹೊತ್ತಿಗೆ ಅವರು ಉಗಿಯಂತ್ರದಿಂದ ಓಡುವ ಮಗ್ಗ ಮಾಡಿದರು. ಯಂತ್ರದ ಮಗ್ಗಕ್ಕೆ ಒಂದು ದೊಡ್ಡ ದೌರ್ಬಲ್ಯವಿದೆ. ಕೈಮಗ್ಗದವನಿಗೆ ಕಣ್ಣಿದೆ, ಎಳೆ ಹರಿದದ್ದು ಅವನಿಗೆ ಕಾಣುತ್ತದೆ. ಯಂತ್ರಕ್ಕೆ ಕಣ್ಣಿಲ್ಲ. ನೂಲು ಹರಿದರೂ ಅದು ಅಷ್ಟೇ ಉತ್ಸಾಹದಿಂದ ಕೆಟ್ಟ ಬಟ್ಟೆ ನೇಯುತ್ತಲೇ ಹೋಗುತ್ತದೆ. ಆದ್ದರಿಂದ ಪ್ರತಿ ಮಗ್ಗದ ಪಕ್ಕದಲ್ಲೂ ಕಾವಲಿಗೆ ಒಬ್ಬರು ನಿಲ್ಲಬೇಕಿತ್ತು. ಹೊಕ್ಕಿನ ನೂಲು ಹರಿದ ಕೂಡಲೇ ಮಗ್ಗ ತಾನಾಗಿ ನಿಲ್ಲುವಂತೆ ಸಾಕಿಚಿ ಒಂದು ಉಪಾಯ ಹೂಡಿದರು. ಅದನ್ನು ತಿದ್ದುತ್ತ ತಿದ್ದುತ್ತ 1924ರಲ್ಲಿ ಮಗ ಕಿಯಿಚಿರೊ ಜತೆಗೂಡಿ ‘ಜಿ’ ಮಾದರಿಯ ಸ್ವಯಂಚಾಲಿತ ಮಗ್ಗ ತಯಾರಿಸಿದರು. ಓಟ ನಿಲ್ಲಿಸದೆಯೇ ಅದು ಲಾಳಿ ಬದಲಿಸಿಕೊಳ್ಳುತ್ತಿತ್ತು, ನೂಲು ಹರಿದರೆ ಮಾತ್ರ ನಿಲ್ಲುತ್ತಿತ್ತು. ಒಬ್ಬ ಕೆಲಸಗಾರ್ತಿ ಮೂವತ್ತರಷ್ಟು ಮಗ್ಗಗಳನ್ನು ನೋಡಿಕೊಳ್ಳಬಹುದಾಯಿತು.

1929ರಲ್ಲಿ ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಪಟ್ಟಣದ ಪ್ಲಾಟ್ ಬ್ರದರ್ಸ್ ಕಂಪೆನಿ ಈ ಮಗ್ಗದ ಹಕ್ಕುಗಳಿಗೆ 1 ಲಕ್ಷ ಪೌಂಡಿನ ಒಪ್ಪಂದ ಮಾಡಿಕೊಂಡಿತು. ಆ ಕಾಲಕ್ಕೆ ಜಗತ್ತಿಗೆ ಮಗ್ಗದ ಯಂತ್ರ ಮಾರುತ್ತಿದ್ದದ್ದೇ ಇಂಗ್ಲೆಂಡ್. ಮ್ಯಾಂಚೆಸ್ಟರ್ ಬಟ್ಟೆ ನಮ್ಮ ನೇಕಾರರನ್ನು ಎಷ್ಟು ಹಣ್ಣು ಮಾಡಿತೆಂಬುದು ಎಲ್ಲರಿಗೂ ತಿಳಿದ ಚರಿತ್ರೆ. ಅದೇ ಮ್ಯಾಂಚೆಸ್ಟರಿನ ಪಕ್ಕದ ಊರಿನವರು ಏಷ್ಯಾದ ಬಡಗಿಯ ಮಗನಿಂದ ಮಗ್ಗದ ವಿದ್ಯೆ ಖರೀದಿಸಿದರು! ಮರುವರ್ಷ, 1930ರಲ್ಲಿ ಸಾಕಿಚಿ ತೀರಿಕೊಂಡರು. ಯುರೋಪು, ಅಮೆರಿಕಗಳನ್ನು ಸುತ್ತಿ ರಸ್ತೆ ತುಂಬ ಮೋಟಾರು ಕಂಡು ಬಂದಿದ್ದ ಕಿಯಿಚಿರೊ 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಒಂದು ಮೋಟಾರು ವಿಭಾಗ ತೆರೆದರು. 1936ರಲ್ಲಿ ಮೊದಲ ಕಾರು ಮಾರುಕಟ್ಟೆಗೆ ಬಂತು. 1937ರ ಆಗಸ್ಟಿನಲ್ಲಿ ಟೊಯೋಟಾ ಮೋಟಾರ್ ಕಂಪೆನಿ ಬೇರೆಯಾಗಿ ಸ್ಥಾಪನೆಯಾಯಿತು.

ಮನೆತನದ ಹೆಸರು ‘ಟೊಯೋಡಾ’, ಕಾರಿನ ಹೆಸರು ‘ಟೊಯೋಟಾ’. ಟೊಯೋಡಾ ಎಂದರೆ ಸಮೃದ್ಧವಾದ ಗದ್ದೆ. ಜಪಾನಿ ಲಿಪಿಯಲ್ಲಿ ‘ಟೊಯೋಟಾ’ ಬರೆಯಲು ಎಂಟು ಗೀಟು ಸಾಕು, ಎಂಟು ಅಲ್ಲಿ ಶುಭಸಂಖ್ಯೆ. ಹೆಸರು ಬದಲಾದದ್ದಕ್ಕೆ ಇದೂ ಒಂದು ಕಾರಣವಂತೆ. ಅಂದಹಾಗೆ, ನಮ್ಮ ಮಾರುತಿಯ ಜತೆಗಾರ ಸುಜುಕಿ ಕೂಡ 1909ರಲ್ಲಿ ಅದೇ ಸೀಮೆಯಲ್ಲಿ ಮಗ್ಗ ತಯಾರಿಸುತ್ತ ಹುಟ್ಟಿದ ಕಂಪೆನಿ. ಭಾರತದ ರಸ್ತೆಗಳಲ್ಲಿ ಓಡುವ ಎರಡು ದೊಡ್ಡ ಜಪಾನಿ ಹೆಸರುಗಳೂ ನೇಕಾರರ ಊರಿನವೇ!

ಕೀರ್ತಿ ಬಂದದ್ದು ಹೇಗೆ?

ಮೊದಲ ದಿನದಿಂದಲೇ ಟೊಯೋಟಾ ಗಟ್ಟಿಯಾಗಿತ್ತೆಂದು ಭಾವಿಸಿದರೆ ತಪ್ಪು. 1935ರ ಅದರ ಮೊದಲ ಲಾರಿಗಳು ದಾರಿಯಲ್ಲಿ ಪದೇ ಪದೇ ಕೆಟ್ಟು ನಿಲ್ಲುತ್ತಿದ್ದವು. ಕಂಪೆನಿಯವರೇ ಹೋಗಿ ರಿಪೇರಿ ಮಾಡಿಕೊಟ್ಟು, ಏನು ಮುರಿಯಿತು, ಎಲ್ಲಿ ಮುರಿಯಿತು ಎಂದು ತಿಳಿದುಕೊಂಡು ಬರುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಕಂಪೆನಿ ದಿವಾಳಿಯ ಅಂಚಿಗೆ ಬಂತು. 1950ರಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಕೆಲಸಗಾರರು ಹೊರಹೋಗಬೇಕಾಯಿತು, ಮುಷ್ಕರ ನಡೆಯಿತು. ಕೆಲಸದಿಂದ ಯಾರನ್ನೂ ತೆಗೆಯಬಾರದೆಂದಿದ್ದ ಕಿಯಿಚಿರೊ ಅದರ ಹೊಣೆ ಹೊತ್ತು ಅಧ್ಯಕ್ಷ ಪದವಿ ಬಿಟ್ಟರು. ಎರಡು ವರ್ಷದೊಳಗೆ ತೀರಿಕೊಂಡರು. ಕೊರಿಯಾ ಯುದ್ಧಕ್ಕಾಗಿ ಅಮೆರಿಕದ ಸೇನೆ ಲಾರಿಗಳಿಗೆ ಆರ್ಡರ್ ಕೊಟ್ಟದ್ದರಿಂದ ಕಂಪೆನಿ ಉಳಿಯಿತು. ಒಬ್ಬರ ಸಂಕಟ ಇನ್ನೊಬ್ಬರ ಸಂಪಾದನೆಯಾಗುವುದು ವ್ಯಾಪಾರದ ಚರಿತ್ರೆಯಲ್ಲಿ ಹೊಸದೇನಲ್ಲ. 1957ರಲ್ಲಿ ಅಮೆರಿಕಕ್ಕೆ ಕಳುಹಿಸಿದ ಕ್ರೌನ್ ಕಾರು ಅಲ್ಲಿನ ಹೆದ್ದಾರಿಯ ವೇಗ ತಾಳಲಾರದೆ ಬಿಸಿಯೇರಿ ನಡುಗಿತು. ಮೂರೇ ವರ್ಷದಲ್ಲಿ ಅದನ್ನು ಹಿಂದೆಗೆದುಕೊಂಡರು.

ಈ ಪೆಟ್ಟುಗಳ ನಡುವೆಯೇ ಕಾರ್ಖಾನೆಯೊಳಗೆ ಬೇರೊಂದು ಕೆಲಸ ನಡೆದಿತ್ತು. ತಾಯಿಚಿ ಓನೊ ಎಂಬ ಎಂಜಿನಿಯರ್ ಮೊದಲು ಟೊಯೋಡಾ ಮನೆತನದ ನೂಲಿನ ಗಿರಣಿಯಲ್ಲಿ ಇದ್ದವರು, 1943ರಲ್ಲಿ ಕಾರಿನ ಕಾರ್ಖಾನೆಗೆ ಬಂದರು. ಎಳೆ ಹರಿದರೆ ನಿಲ್ಲುವ ಮಗ್ಗದ ಗುಣವನ್ನು ಅವರು ಕಾರಿನ ಜೋಡಣೆಯ ಸಾಲಿಗೂ ತಂದರು. ಆ ಸಾಲಿನಲ್ಲಿ ನಿಂತ ಕೆಲಸಗಾರನ ಕೈಗೆ ಒಂದು ಹಗ್ಗ ಸಿಗುತ್ತದೆ. ಬೋಲ್ಟು ಸರಿ ಕೂರದಿದ್ದರೆ, ಬಾಗಿಲು ಓರೆಯಾಗಿದ್ದರೆ ಅವನು ಹಗ್ಗ ಎಳೆಯುತ್ತಾನೆ. ಮೇಲೆ ದೀಪ ಹತ್ತುತ್ತದೆ, ಮೇಲ್ವಿಚಾರಕ ಓಡಿಬರುತ್ತಾನೆ. ಸರಿಯಾಗದಿದ್ದರೆ ಸಾಲೇ ನಿಲ್ಲುತ್ತದೆ. ಉಳಿದ ಕಾರ್ಖಾನೆಗಳಲ್ಲಿ ಸಾಲು ನಿಲ್ಲಿಸುವುದೇ ದೊಡ್ಡ ಅಪರಾಧ, ಇಲ್ಲಿ ನಿಲ್ಲಿಸದಿರುವುದು ಅಪರಾಧ.

ಓನೊ ಹೇಳಿಕೊಟ್ಟ ಇನ್ನೊಂದು ರೂಢಿ ‘ಐದು ಸಲ ಯಾಕೆ’ ಎಂದು ಕೇಳುವುದು. ಯಂತ್ರ ನಿಂತಿತು. ಯಾಕೆ? ಫ್ಯೂಸ್ ಹೋಯಿತು. ಯಾಕೆ? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಯಾಕೆ? ಎಣ್ಣೆಯ ಪಂಪು ಸರಿಯಾಗಿ ಎತ್ತುತ್ತಿಲ್ಲ. ಯಾಕೆ? ಅದರ ದಂಡ ಸವೆದಿದೆ. ಯಾಕೆ? ಜಾಲರಿ ಇಲ್ಲದೆ ಲೋಹದ ಪುಡಿ ಒಳಹೊಕ್ಕಿದೆ. ಮೊದಲ ಪ್ರಶ್ನೆಗೇ ನಿಲ್ಲಿಸಿದವನು ಫ್ಯೂಸ್ ಹಾಕಿ ಮನೆಗೆ ಹೋಗುತ್ತಾನೆ, ನಾಳೆ ಯಂತ್ರ ಮತ್ತೆ ನಿಲ್ಲುತ್ತದೆ. ಐದನೆಯದರ ತನಕ ಹೋದವನು ಜಾಲರಿ ಹಾಕುತ್ತಾನೆ. ಇದು ತರಗತಿಯಲ್ಲೂ ನಡೆಯುತ್ತದೆ. ಹುಡುಗ ಶಾಲೆಗೆ ಬರುತ್ತಿಲ್ಲ ಎಂಬಲ್ಲಿಂದ ಶುರು ಮಾಡಿ ಐದು ಸಲ ಯಾಕೆ ಎಂದು ಕೇಳಿದರೆ ಕೆಲವೊಮ್ಮೆ ಅವನ ಅಪ್ಪನ ಸಾಲದ ತನಕ ಹೋಗಿ ಮುಟ್ಟುತ್ತೇವೆ.

ಮಾರಾಟದಲ್ಲಿ ಟೊಯೋಟಾ 2008ರಲ್ಲಿ ಅಮೆರಿಕದ ಜನರಲ್ ಮೋಟಾರ್ಸನ್ನು ಹಿಂದೆ ಹಾಕಿತು. 1966ರಲ್ಲಿ ಆರಂಭವಾದ ಕೊರೊಲ್ಲಾ ಎಂಬ ಒಂದೇ ಹೆಸರಿನ ಕಾರುಗಳ ಮಾರಾಟ 2021ರ ಹೊತ್ತಿಗೆ 5 ಕೋಟಿ ದಾಟಿತ್ತು.

ಗಲ್ಫಿಗೆ ದುಡಿಯಲು ಹೋದ ನಮ್ಮವರಿಗೆ ಈ ಹೆಸರು ಕ್ವಾಲಿಸ್‌ಗಿಂತ ಮೊದಲೇ ಪರಿಚಿತ. ಸೌದಿಯಲ್ಲಿ ಅಬ್ದುಲ್ ಲತೀಫ್ ಜಮೀಲ್ ಸಂಸ್ಥೆ 1955ರಿಂದ ಟೊಯೋಟಾ ಮಾರುತ್ತಿದೆ. ಮರಳಿನಲ್ಲಿ ಲ್ಯಾಂಡ್ ಕ್ರೂಸರ್, ಕೆಲಸದ ಜಾಗದಲ್ಲಿ ಹೈಲಕ್ಸ್ ಪಿಕಪ್. ಅಲ್ಲಿ ಚಾಲಕರಾಗಿ ದುಡಿದು ಮರಳಿದವರು ಆ ಗಾಡಿಗಳ ಬಗ್ಗೆ ಆಡುವ ಮಾತಿನಲ್ಲಿ ಒಂದು ಬಗೆಯ ಮಮತೆಯೇ ಇರುತ್ತದೆ. ಆದರೆ ಗಟ್ಟಿತನಕ್ಕೆ ಇನ್ನೊಂದು ಮುಖವೂ ಇದೆ. 1987ರಲ್ಲಿ ಚಾಡ್ ಮತ್ತು ಲಿಬಿಯಾ ನಡುವೆ ನಡೆದ ಕಾಳಗಕ್ಕೆ ‘ಟೊಯೋಟಾ ಯುದ್ಧ’ ಎಂದೇ ಹೆಸರು ಬಿತ್ತು. ಪಿಕಪ್ ಬೆನ್ನಿಗೆ ಬಂದೂಕು ಕಟ್ಟಿ ಮರುಭೂಮಿಯಲ್ಲಿ ಹೋರಾಡಿದ್ದರಿಂದ ಬಂದ ಹೆಸರು ಅದು. ರೈತನ ಹೊರೆ ಹೊರುವ ಗಾಡಿ ಬಂದೂಕನ್ನೂ ಹೊರುತ್ತದೆ.

ನೇಗಿಲಿನವರು, ಮಗ್ಗದವರು

ಟೊಯೋಟಾ ಕರ್ನಾಟಕಕ್ಕೆ ಬಂದ ಕಥೆಯಲ್ಲಿ ಇನ್ನೊಂದು ಮನೆತನವಿದೆ. ಸಾಕಿಚಿಗಿಂತ ಎರಡು ವರ್ಷ ಚಿಕ್ಕವರಾದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿ ಮಾರಿದರು. ಮರದ ನೇಗಿಲಿಗೆ ಒಗ್ಗಿಹೋಗಿದ್ದ ರೈತರು ಮೊದಮೊದಲು ಅದನ್ನು ಕೊಳ್ಳಲೇ ಇಲ್ಲ. ಇದೇ ಮನೆತನ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭಿಸಿ ಲೇತ್ ಯಂತ್ರಗಳನ್ನು ತಯಾರಿಸಿತು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಹರಿಹರ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಹಾಗಾಗಿ ಈ ಕಡೆಯವರಿಗೆ ಕಿರ್ಲೋಸ್ಕರ್ ಎಂದರೆ ಮೊದಲು ನೆನಪಾಗುವುದು ಹರಿಹರ, ಕಾರು ಆಮೇಲಿನದು. ಆ ಕಾರ್ಖಾನೆ ಈಗಿಲ್ಲ.

ಇವರಿಬ್ಬರು ಕೂಡಿದ್ದು ಮೊದಲು ಕಾರಿಗಾಗಿ ಅಲ್ಲ. 1995ರಲ್ಲಿ ಸ್ಥಾಪನೆಯಾದ ಕಿರ್ಲೋಸ್ಕರ್ ಟೊಯೋಡಾ ಟೆಕ್ಸ್‌ಟೈಲ್ ಮೆಷಿನರಿ ಎಂಬ ಕಂಪೆನಿ ಬೆಂಗಳೂರಿನ ಬಳಿ ತಯಾರಿಸಿದ್ದು ನೂಲುವ ಯಂತ್ರ. ಟೊಯೋಡಾದವರು ಕರ್ನಾಟಕಕ್ಕೂ ನೂಲು ಹಿಡಿದೇ ಬಂದರು! 1997ರ ಅಕ್ಟೋಬರಿನಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಹುಟ್ಟಿತು. ಬೆಂಗಳೂರು-ಮೈಸೂರು ರಸ್ತೆಯ ಬಿಡದಿಯಲ್ಲಿ 432 ಎಕರೆ ಜಾಗದಲ್ಲಿ ಕಾರ್ಖಾನೆ ಎದ್ದಿತು. ಕಿರ್ಲೋಸ್ಕರ್ ಕಡೆಯಿಂದ ಇದರ ಮುಂದಾಳು ಆ ಮನೆತನದ ನಾಲ್ಕನೇ ತಲೆಮಾರಿನ ವಿಕ್ರಮ್ ಕಿರ್ಲೋಸ್ಕರ್. ಅವರು 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

2000ದ ಜನವರಿಯಲ್ಲಿ ಕ್ವಾಲಿಸ್ ಬಂತು. ಅದು ಇಂಡೋನೇಷ್ಯಾದಲ್ಲಿ ಕಿಜಾಂಗ್ ಎಂಬ ಹೆಸರಿನಲ್ಲಿ ಓಡುತ್ತಿದ್ದ ಗಾಡಿ. ಕಿಜಾಂಗ್ ಎಂದರೆ ಕಾಡುಕುರಿ. ಪತ್ರಿಕೆಯವರು ಮೂಗು ಮುರಿದರು: ಹಳೆಯ ಮಾದರಿ, ಡಬ್ಬದಂತಹ ಆಕಾರ, ಬೇರೆ ದೇಶದಲ್ಲಿ ಹಳತಾದದ್ದನ್ನು ನಮಗೆ ದಾಟಿಸುತ್ತಿದ್ದಾರೆ ಎಂದರು. ಮಾತು ಸುಳ್ಳಾಗಿರಲಿಲ್ಲ. ಆದರೆ ಕೊಳ್ಳುವವರು ನೋಡಿದ್ದೇ ಬೇರೆ. ಎಂಟು ಹತ್ತು ಜನ, ಮೇಲೆ ಲಗೇಜು, ಹಳ್ಳ ಬಿದ್ದ ರಸ್ತೆ, ರಾತ್ರಿಯಿಡೀ ಓಟ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಅದು ಮತ್ತೆ ಹೊರಡುತ್ತಿತ್ತು. ಬಾಡಿಗೆ ಗಾಡಿಯವನಿಗೆ ಅಂದವೆಂದರೆ ಅದೇ. ಗಾಡಿ ಗ್ಯಾರೇಜಿನಲ್ಲಿ ನಿಂತ ದಿನ ಅವನ ಮನೆಯಲ್ಲಿ ಒಲೆಗೂ ಕಷ್ಟ. ಬೆಂಗಳೂರಿನ ಕಾಲ್ ಸೆಂಟರುಗಳ ಹುಡುಗ ಹುಡುಗಿಯರನ್ನು ಸರಿರಾತ್ರಿ ಮನೆ ಸೇರಿಸಿದ್ದೂ ಇದೇ ಗಾಡಿ.

ಚೆನ್ನಾಗಿ ಮಾರಾಟವಾಗುತ್ತಿರುವಾಗಲೇ, 2005ರಲ್ಲಿ, ಕ್ವಾಲಿಸ್ ತಯಾರಿಕೆ ನಿಲ್ಲಿಸಿದರು. ಅದರ ಜಾಗಕ್ಕೆ ಬಂದ ಇನ್ನೋವಾ ದುಬಾರಿಯಾಗಿತ್ತು, ಎಲ್ಲರೂ ಇದು ಹುಚ್ಚೆಂದರು. ಇನ್ನೋವಾ ನಿಂತಿತು, ಬೆಳೆಯಿತು. 2016ರಲ್ಲಿ ಕ್ರಿಸ್ಟಾ, 2022ರಲ್ಲಿ ಹೈಕ್ರಾಸ್ ಎಂದು ರೂಪ ಬದಲಿಸಿತು. ಆದರೆ ಸಾಮಾನ್ಯ ಸಂಸಾರಸ್ಥನ ಕೈಗೆ ಅದು ಎಟುಕದಾಯಿತು ಎಂಬುದೂ ನಿಜ. ಭಾರತಕ್ಕೆಂದೇ ಮಾಡಿದ ಎಟಿಯೋಸ್ 2010ರ ಡಿಸೆಂಬರಿನಲ್ಲಿ ಬಂತು. ಎಂಜಿನ್ ಗಟ್ಟಿ, ಒಳಾಂಗಣ ಬಡಕಲು. ಟ್ಯಾಕ್ಸಿಯವರು ಮೆಚ್ಚಿದರು, ಮನೆಮಂದಿ ಅಷ್ಟಾಗಿ ಮೆಚ್ಚಲಿಲ್ಲ. 2020ರಲ್ಲಿ ಅದರ ಆಟ ಮುಗಿಯಿತು. 2019ರಲ್ಲಿ ತಂದ ಗ್ಲಾಂಝಾ ಸುಜುಕಿಯ ಬಲೆನೊವೇ, ಹೆಸರಷ್ಟೇ ಬೇರೆ. ಟೊಯೋಟಾ ಎಂದುಕೊಂಡು ಕೊಳ್ಳುವವರು ಇದನ್ನು ತಿಳಿದಿರುವುದು ಒಳ್ಳೆಯದು.

ನೂಲು ಹರಿದಾಗ ನಿಂತಿತೇ?

ಕೀರ್ತಿಯ ಮಾತು ಇಲ್ಲಿಗೇ ಮುಗಿಸಿದರೆ ಜಾಹೀರಾತಾಗುತ್ತದೆ. ಮಗ್ಗ ನಿಲ್ಲದ ಸಂದರ್ಭಗಳೂ ಇವೆ.

2009ರ ಆಗಸ್ಟಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಟೊಯೋಟಾದ್ದೇ ಲೆಕ್ಸಸ್ ಕಾರೊಂದು ತಡೆಯಿಲ್ಲದೆ ಓಡಿ ನಾಲ್ವರು ಸತ್ತರು. ಕಾಲಡಿಯ ಮ್ಯಾಟಿಗೆ ಆಕ್ಸಿಲರೇಟರ್ ಸಿಕ್ಕಿಕೊಂಡದ್ದು ಕಾರಣ. ಬೇರೆ ಕೆಲವು ಕಾರುಗಳಲ್ಲಿ ಒತ್ತಿದ ಪೆಡಲ್ ಮೇಲೇಳಲು ತಡವಾಗುತ್ತಿತ್ತು. ಲಕ್ಷಗಟ್ಟಲೆ ಕಾರುಗಳನ್ನು ಸರಿಪಡಿಸಲು ವಾಪಸು ಕರೆಯಬೇಕಾಯಿತು. 2010ರ ಫೆಬ್ರುವರಿ 24ರಂದು ಕಿಯಿಚಿರೊ ಅವರ ಮೊಮ್ಮಗ, ಕಂಪೆನಿಯ ಅಧ್ಯಕ್ಷ ಅಕಿಯೋ ಟೊಯೋಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕುಳಿತು ಕ್ಷಮೆ ಕೇಳಿದರು. ಕಂಪೆನಿ ಬೆಳೆದ ವೇಗ ಅತಿಯಾಯಿತೇನೋ ಎಂಬ ಭಯವನ್ನು ಅವರೇ ಹೇಳಿಕೊಂಡರು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ತಜ್ಞರು ಪರೀಕ್ಷಿಸಿ, ಕಾರಿನ ಎಲೆಕ್ಟ್ರಾನಿಕ್ಸಿನಲ್ಲಿ ಅಂತಹ ದೋಷ ಕಂಡುಬಂದಿಲ್ಲವೆಂದು 2011ರಲ್ಲಿ ಹೇಳಿದರು. ಆದರೂ ಗ್ರಾಹಕರಿಗೆ ಸತ್ಯ ಮುಚ್ಚಿಟ್ಟ ಆರೋಪಕ್ಕೆ 2014ರಲ್ಲಿ 120 ಕೋಟಿ ಡಾಲರ್ ದಂಡ ತೆರಬೇಕಾಯಿತು. ದಂಡ ಬಿದ್ದದ್ದು ಪೆಡಲಿಗಲ್ಲ, ಮುಚ್ಚಿಟ್ಟ ಬಾಯಿಗೆ.

ಎರಡನೆಯದು ನಮ್ಮ ಬಿಡದಿಯದ್ದೇ. 2006ರಲ್ಲಿ, 2014ರಲ್ಲಿ ಅಲ್ಲಿ ಕಾರ್ಮಿಕ ವಿವಾದದಿಂದ ಬೀಗಮುದ್ರೆಯಾಗಿತ್ತು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. 2020ರ ನವೆಂಬರಿನಲ್ಲಿ ಒಬ್ಬ ಕಾರ್ಮಿಕನ ಅಮಾನತಿನಿಂದ ಶುರುವಾದ ಜಗಳ 2021ರ ಮಾರ್ಚಿನವರೆಗೆ ಎಳೆಯಿತು. ಕೆಲಸದ ಹೊರೆ ತಾಳಲಾರದಷ್ಟು ಹೆಚ್ಚಿದೆ ಎಂಬುದು ಕಾರ್ಮಿಕರ ದೂರು, ಅಶಿಸ್ತು ನಡೆದಿದೆ ಎಂಬುದು ಆಡಳಿತದ ದೂರು. ಹಲವರು ಅಮಾನತಾದರು. ಸರ್ಕಾರ ನಡುವೆ ಬರಬೇಕಾಯಿತು. ಯಾರದ್ದು ಎಷ್ಟು ತಪ್ಪೆಂದು ಹೊರಗಿನಿಂದ ತೀರ್ಪು ಕೊಡುವುದು ಕಷ್ಟ. ಆದರೆ ಒಂದು ಪ್ರಶ್ನೆ ಮಾತ್ರ ಉಳಿಯುತ್ತದೆ. ಕಾರಿನ ಬಾಗಿಲು ಓರೆಯಾದರೆ ಎಳೆಯಲು ಹಗ್ಗವಿದೆ, ಕೆಲಸಗಾರನ ಸೊಂಟ ಸೋತರೆ ಎಳೆಯುವ ಹಗ್ಗ ಯಾವುದು?

ಮೂರನೆಯ ಪ್ರಸಂಗ ಹೆಚ್ಚು ನೋವಿನದು. 2023ರ ಡಿಸೆಂಬರಿನಲ್ಲಿ ಟೊಯೋಟಾದ ಅಂಗಸಂಸ್ಥೆ ಡೈಹಾಟ್ಸು ಹಲವು ದಶಕಗಳಿಂದ ಸುರಕ್ಷತಾ ಪರೀಕ್ಷೆಗಳಲ್ಲಿ ಮೋಸ ಮಾಡುತ್ತಿತ್ತೆಂದು ಬಯಲಾಯಿತು. 64 ಮಾದರಿಗಳ ಹೆಸರು ತನಿಖಾ ವರದಿಯಲ್ಲಿತ್ತು. ಮರುತಿಂಗಳೇ, 2024ರ ಜನವರಿಯಲ್ಲಿ, ಟೊಯೋಟಾ ಇಂಡಸ್ಟ್ರೀಸ್ ತಯಾರಿಸುವ ಡೀಸೆಲ್ ಎಂಜಿನ್‌ಗಳ ಶಕ್ತಿಯ ಪರೀಕ್ಷೆಯಲ್ಲಿ ಅಂಕಿಗಳನ್ನು ನಯಗೊಳಿಸಿದ್ದು ಹೊರಬಂತು. ಆ ಎಂಜಿನ್ ಇದ್ದ ಇನ್ನೋವಾ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ಗಾಡಿಗಳನ್ನು ಭಾರತದಲ್ಲೂ ಕೆಲವು ದಿನ ಡೀಲರುಗಳಿಗೆ ಕಳುಹಿಸದೆ ತಡೆಹಿಡಿದರು. ಭಾರತದ ನಿಯಮಗಳಿಗೆ ಅವು ಸರಿಯಿವೆಯೆಂದು ಹೇಳಿ ಫೆಬ್ರುವರಿಯಲ್ಲಿ ಮತ್ತೆ ಬಿಟ್ಟರು. ಈ ಟೊಯೋಟಾ ಇಂಡಸ್ಟ್ರೀಸ್ ಯಾವುದು? ಸಾಕಿಚಿ ಕಟ್ಟಿದ ಅದೇ ಸ್ವಯಂಚಾಲಿತ ಮಗ್ಗದ ಕಂಪೆನಿ. ಹರಿದ ಎಳೆಯನ್ನು ಯಂತ್ರಕ್ಕೂ ಕಾಣಿಸುವಂತೆ ಮಾಡಿದವರ ಮನೆಯಲ್ಲೇ ಎಳೆ ಹರಿದದ್ದನ್ನು ಮನುಷ್ಯರು ಕಂಡೂ ಕಾಣದಂತೆ ಇದ್ದರು.

ಇಷ್ಟಾದರೂ 2020ರಿಂದ 2024ರವರೆಗೆ ಪ್ರತಿ ವರ್ಷವೂ ಜಗತ್ತಿನಲ್ಲಿ ಅತಿ ಹೆಚ್ಚು ವಾಹನ ಮಾರಿದ ಬಳಗ ಟೊಯೋಟಾವೇ. ಹಳೆಯ ಇನ್ನೋವಾಗಳಿಗೆ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಬೆಲೆ ಇಳಿಯುವುದು ನಿಧಾನ. ಈ ಕೀರ್ತಿಯನ್ನೇ ಬಂಡವಾಳ ಮಾಡಿಕೊಂಡ ದಲ್ಲಾಳಿಗಳೂ ಇದ್ದಾರೆ. ನಾಲ್ಕು ಲಕ್ಷ ಕಿಲೋಮೀಟರ್ ಓಡಿದ ಟ್ಯಾಕ್ಸಿಯ ಮೀಟರ್ ತಿರುಗಿಸಿ ಒಂದು ಲಕ್ಷವೆಂದು ಮಾರುವವರಿಗೆ ಇನ್ನೋವಾದಷ್ಟು ಅನುಕೂಲದ ಗಾಡಿ ಇನ್ನೊಂದಿಲ್ಲ, ಯಾಕೆಂದರೆ ಓಡಿಸಿ ನೋಡಿದರೂ ವಯಸ್ಸು ಗೊತ್ತಾಗುವುದಿಲ್ಲ. ಸಾಲ ಮಾಡಿ ಹಳೆಯ ಗಾಡಿ ಕೊಳ್ಳುವ ಕುಟುಂಬದವರು ಹೆಸರಿಗೆ ಮರುಳಾಗದೆ ಸರ್ವೀಸ್ ದಾಖಲೆ ಕೇಳಬೇಕು. ಆರ್‌ಸಿಯಲ್ಲಿ ಎಷ್ಟನೇ ಮಾಲೀಕರೆಂದು ಓದಬೇಕು. ಹಳದಿ ಫಲಕದಿಂದ ಬಿಳಿಗೆ ಬಂದದ್ದೇ ಎಂದು ವಿಚಾರಿಸಬೇಕು. ನಂಬುವ ಮೆಕ್ಯಾನಿಕ್‌ಗೆ ತೋರಿಸುವ ತನಕ ಮುಂಗಡ ಕೊಡಬಾರದು.

ಹತ್ತನೇ ತರಗತಿಯ ಮಕ್ಕಳಿರುವ ಮನೆಯವರಿಗೆ ಇನ್ನೊಂದು ವಿಷಯ. ಬಿಡದಿಯ ಕಾರ್ಖಾನೆಯ ಆವರಣದಲ್ಲಿ 2007ರಿಂದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ನಡೆಯುತ್ತಿದೆ. ಕರ್ನಾಟಕದ ಹಳ್ಳಿಗಳ ಬಡ ಕುಟುಂಬದ ಮಕ್ಕಳಿಗೆಂದೇ ತೆರೆದದ್ದು. ಹತ್ತನೇ ತರಗತಿ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಸೇರಬಹುದು. ಮೂರು ವರ್ಷ ಅಲ್ಲೇ ಇದ್ದು ಕಲಿಯಬೇಕು, ವೆಲ್ಡಿಂಗ್, ಪೇಂಟ್, ಜೋಡಣೆ, ಮೆಕಾಟ್ರಾನಿಕ್ಸ್ ವಿಭಾಗಗಳಿವೆ. ಮೊದಲು ಹುಡುಗರಿಗಷ್ಟೇ ಇತ್ತು, ಈಚೆಗೆ ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಿದ್ದಾರೆ. ಮೊಳಕಾಲ್ಮೂರು, ಚಳ್ಳಕೆರೆ ತಾಲೂಕುಗಳ ಶಾಲೆಗಳಲ್ಲಿ ಈ ಸುದ್ದಿ ಹೆಚ್ಚಿನ ಮಕ್ಕಳಿಗೆ ತಲುಪಿದಂತೆ ಕಾಣುವುದಿಲ್ಲ. ಅರ್ಜಿಯ ದಿನಾಂಕ ವರ್ಷಕ್ಕೊಮ್ಮೆ ಬದಲಾಗುತ್ತದೆ. ಆದ್ದರಿಂದ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ, ಮಗು ಹತ್ತನೇ ತರಗತಿಯಲ್ಲಿರುವಾಗಲೇ ಮುಖ್ಯೋಪಾಧ್ಯಾಯರ ಮೂಲಕ ವಿಚಾರಿಸಿಟ್ಟುಕೊಳ್ಳಿರಿ.